ಪ್ರಾಂಪ್ಟಿನ ಭಾಗಗಳಿಗೆ ಒಂದೊಂದು ಸ್ವಿಚ್: ನನ್ನ ಅನುಭವ

ಟರ್ಮಿನಲ್ ಪ್ರಾಂಪ್ಟಿನ (ಕಮಾಂಡ್ ಟೈಪ್ ಮಾಡುವ ಜಾಗದ ಮುಂದೆ ಕಾಣುವ ಸಾಲಿನ) ಪ್ರತಿಯೊಂದು ಭಾಗವನ್ನೂ ಆಯಾ ವಿಂಡೋದಲ್ಲಿ ಬೇಕಾದಾಗ ತೋರಿಸಿ, ಬೇಡವಾದಾಗ ಅಡಗಿಸುವ ಏರ್ಪಾಡು ಮಾಡುತ್ತೇನೆಂದಾಗ ಜೊತೆಯವರು ನಕ್ಕಿದ್ದರು. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವುದು ಯಾರಿಗೂ ನೆನಪಿರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಆ ಏರ್ಪಾಡು ಈಗ ವರ್ಷಕ್ಕೂ ಮಿಕ್ಕಿ ತೊಂದರೆಯಿಲ್ಲದೆ ನಡೆಯುತ್ತಿದೆ. ನಕ್ಕವರಲ್ಲಿ ಕೆಲವರು ನನ್ನ ಫೈಲನ್ನೇ ನಕಲು ಮಾಡಿಕೊಂಡಿದ್ದಾರೆ.

ಗಿಟ್ ಬ್ರಾಂಚ್ (ಕೋಡಿನ ಯಾವ ಕವಲಿನಲ್ಲಿದ್ದೇವೆ ಎಂಬುದು), ಬದಲಾದ ಫೈಲುಗಳ ಗುರುತು, ಕುಬರ್ನೆಟಿಸ್ ಕಾಂಟೆಕ್ಸ್ಟ್ (ಕಮಾಂಡ್ ಯಾವ ಸರ್ವರ್ ಸಮೂಹಕ್ಕೆ ಹೋಗುತ್ತದೆ ಎಂಬುದು), ಕ್ಲೌಡ್ ಖಾತೆ, ಹಿಂದಿನ ಕಮಾಂಡಿಗೆ ಹಿಡಿದ ಸಮಯ ಇವೆಲ್ಲವನ್ನೂ ಒಟ್ಟಿಗೆ ಇಟ್ಟರೆ, ದೊಡ್ಡ ರೆಪೊಸಿಟರಿಯಲ್ಲಿ ಎಂಟರ್ ಒತ್ತಿದ ಮೇಲೆ ಪ್ರಾಂಪ್ಟ್ ಮರಳಲು ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತಿತ್ತು. ಮೊದಲು ಉದ್ದನೆಯದೊಂದು, ಗಿಡ್ಡದೊಂದು ಪಿಎಸ್1 (ಪ್ರಾಂಪ್ಟ್ ಹೇಗಿರಬೇಕೆಂದು ಹೇಳುವ ವೇರಿಯಬಲ್) ಬರೆದು ಅದಲು ಬದಲು ಮಾಡಿದೆ. ಬ್ರಾಂಚ್ ಬೇಕು, ಕಾಂಟೆಕ್ಸ್ಟ್ ಬೇಡ ಎನ್ನುವ ದಿನ ಅದು ಕೆಲಸಕ್ಕೆ ಬರಲಿಲ್ಲ. ಎಲ್ಲವನ್ನೂ ಲೆಕ್ಕಹಾಕಿ ಬೇಡದ್ದನ್ನು ಕೊನೆಯಲ್ಲಿ ಕೈಬಿಡುವ ವಿಧಾನದಲ್ಲಿ ಸಾಲು ಚಿಕ್ಕದಾಯಿತೇ ಹೊರತು ತಡ ಹಾಗೆಯೇ ಉಳಿಯಿತು. ಪ್ರಾಂಪ್ಟ್ ಕಟ್ಟಿಕೊಡುವ ಸ್ಟಾರ್‌ಶಿಪ್ ಎಂಬ ತಂತ್ರಾಂಶದ ಟಾಗಲ್ ಕಮಾಂಡ್ ಸೊಗಸಾಗಿದೆ. ಆದರೆ ಅದು ಕಾನ್ಫಿಗ್ ಫೈಲಿನಲ್ಲಿಯೇ ಮಾಡ್ಯೂಲನ್ನು ನಿಷ್ಕ್ರಿಯಗೊಳಿಸುವುದರಿಂದ, ಒಂದು ವಿಂಡೋದಲ್ಲಿ ಮಾಡಿದ ಬದಲಾವಣೆ ತೆರೆದಿರುವ ಎಲ್ಲ ವಿಂಡೋಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕುಬರ್ನೆಟಿಸ್ ಕಾಂಟೆಕ್ಸ್ಟನ್ನು ಪ್ರಾಂಪ್ಟಿನಲ್ಲಿ ತೋರಿಸುವ ಕ್ಯೂಬ್-ಪಿಎಸ್1 ಈ ವಿಷಯದಲ್ಲಿ ಜಾಣತನ ತೋರಿದೆ: ಅದರ ಆಫ್ ಕಮಾಂಡ್ ಆ ಸೆಷನ್ನಿಗಷ್ಟೇ ಸೀಮಿತ, ಎಲ್ಲ ಕಡೆಗೂ ಬೇಕೆಂದರೆ ಬೇರೆ ಆಯ್ಕೆಯಿದೆ. ನನ್ನ ದಾರಿ ಹೊಳೆದದ್ದು ಅಲ್ಲಿಂದಲೇ.

ಈಗ ಪ್ರತಿ ಭಾಗಕ್ಕೂ ಶೆಲ್ಲಿನಲ್ಲಿ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮಿನಲ್ಲಿ) ಒಂದು ವೇರಿಯಬಲ್ ಇದೆ. ಅದನ್ನು ಎಕ್ಸ್‌ಪೋರ್ಟ್ ಮಾಡುವುದಿಲ್ಲ, ಹಾಗಾಗಿ ಅದು ಆ ಶೆಲ್ಲಿನೊಳಗೇ ಉಳಿಯುತ್ತದೆ. ಪ್ರಾಂಪ್ಟ್ ಕಟ್ಟುವ ಫಂಕ್ಷನ್ ಮೊಟ್ಟಮೊದಲು ಎಕ್ಸಿಟ್ ಕೋಡನ್ನು (ಹಿಂದಿನ ಕಮಾಂಡ್ ಸಫಲವಾದರೆ ಸೊನ್ನೆ, ಇಲ್ಲವಾದರೆ ಬೇರೆ ಅಂಕಿ) ತೆಗೆದಿಟ್ಟುಕೊಂಡು, ಆ ಬಳಿಕ ವೇರಿಯಬಲ್ ನೋಡಿ, ಆಫ್ ಇದ್ದರೆ ಗಿಟ್ಟನ್ನಾಗಲೀ ಕುಬರ್ನೆಟಿಸ್ಸನ್ನಾಗಲೀ ಕರೆಯುವುದೇ ಇಲ್ಲ. ಎಲ್ಲವೂ ಆಫ್ ಇದ್ದಾಗ ತಡ ಹತ್ತಿಪ್ಪತ್ತು ಮಿಲಿಸೆಕೆಂಡಿಗೆ ಇಳಿದಿದೆ. ಝಡ್‌ಎಸ್‌ಎಚ್‌ನಲ್ಲಿ (ಒಂದು ಬಗೆಯ ಶೆಲ್) ವಿಜೆಟ್ಟಿನೊಳಗೆ, ಅಂದರೆ ಕೀಲಿ ಒತ್ತಿದಾಗ ಓಡುವ ಫಂಕ್ಷನ್ನಿನೊಳಗೆ, ಪ್ರಾಂಪ್ಟ್ ಕಟ್ಟುವ ಆ ಫಂಕ್ಷನ್ನನ್ನು ನಾವೇ ಕರೆದು, ಆಮೇಲೆ ಪ್ರಾಂಪ್ಟನ್ನು ಮತ್ತೆ ಬರೆಯುವ ರೀಸೆಟ್-ಪ್ರಾಂಪ್ಟ್ ಕೊಟ್ಟರೆ ಅರ್ಧ ಟೈಪ್ ಮಾಡಿದ ಸಾಲು ಕೆಡದೆ ಪ್ರಾಂಪ್ಟ್ ಬದಲಾಗುತ್ತದೆ. ಇನ್ನೊಂದು ಶೆಲ್ ಆದ ಬ್ಯಾಶ್‌ನಲ್ಲಿ ಇನ್ನೊಮ್ಮೆ ಎಂಟರ್ ಒತ್ತಲೇಬೇಕು. ಮರೆತುಹೋಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಾಗಿ, ಆಫ್ ಇರುವ ಪ್ರತಿ ಭಾಗವೂ ತನ್ನ ಬಣ್ಣದ ಒಂದು ಚುಕ್ಕೆಯನ್ನು ಉಳಿಸಿಹೋಗುತ್ತದೆ. ಬದಲಾದ ಫೈಲುಗಳ ಗುರುತನ್ನು ತಡವಿಲ್ಲದೆ ತರಿಸುವ ಉಪಾಯವೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಹಣದ ಮಾತಿಗೆ ಬಂದರೆ, ಇದೆಲ್ಲವನ್ನೂ ತಾನೇ ಮಾಡಿಕೊಡುತ್ತದೆಂದು ನಂಬಿ ಒಂದು ಟರ್ಮಿನಲ್ ತಂತ್ರಾಂಶಕ್ಕೆ ಕೆಲವು ತಿಂಗಳು ಚಂದಾ ಕಟ್ಟಿದ್ದೆ. ಅದು ಕೊಟ್ಟ ಸ್ವಿಚ್‌ಗಳು ರಿಮೋಟ್ ಸರ್ವರಿಗೆ ಲಾಗಿನ್ ಆದೊಡನೆ ಇಲ್ಲವಾಗುತ್ತಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು ಕ್ಲೌಡ್ ಬಿಲ್ಲಿನದು. ಖಾತೆಯ ಹೆಸರು ಪ್ರಾಂಪ್ಟಿನಲ್ಲಿ ಇರದಿದ್ದ ಕಾಲದಲ್ಲಿ ನಮ್ಮ ತಂಡದ ಪರೀಕ್ಷಾ ಯಂತ್ರಗಳು ಬೇರೆ ಖಾತೆಯಲ್ಲಿ ಎರಡು ವಾರದಷ್ಟು ಸುಮ್ಮನೆ ಓಡಿ, ಆ ತಿಂಗಳ ಬಿಲ್ಲು ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಆದ್ದರಿಂದ ಖಾತೆ ಪ್ರೊಡಕ್ಷನ್ನಿನದಾಗಿದ್ದರೆ (ಬಳಕೆದಾರರಿಗಾಗಿ ನಡೆಯುತ್ತಿರುವ ನಿಜವಾದ ವ್ಯವಸ್ಥೆಯದಾಗಿದ್ದರೆ) ಆ ಭಾಗದ ಸ್ವಿಚ್ ಕೆಲಸ ಮಾಡದಂತೆ ಬರೆದಿದ್ದೇನೆ.

ನಡುವೆ ಎಲ್ಲ ಮಾಹಿತಿಯನ್ನೂ ಬಲಬದಿಯ ಪ್ರಾಂಪ್ಟಿಗೆ ಸಾಗಿಸಿ ನೋಡಿದೆ. ಸಾಲನ್ನು ಕಾಪಿ ಮಾಡಿದಾಗ ಅದೂ ಅಂಟಿಕೊಂಡು ಬರುತ್ತಿತ್ತು, ಎಂಟರ್ ಒತ್ತಿದೊಡನೆ ಬಲಬದಿಯದನ್ನು ಅಳಿಸುವ ಟ್ರಾನ್ಸಿಯೆಂಟ್ ಆಯ್ಕೆ ಹಾಕಿದ ಮೇಲೆ ಆ ಕಾಟ ತಪ್ಪಿತು. ವಿಂಡೋದ ಶೀರ್ಷಿಕೆಗೂ ಕಳಿಸಿ ನೋಡಿದೆ, ಆದರೆ ಸ್ಕ್ರೋಲ್ ಮಾಡಿ ಹಿಂದೆ ಹೋದಾಗ ಯಾವ ಕಮಾಂಡ್ ಯಾವ ಖಾತೆಯಲ್ಲಿ ಓಡಿತೆಂಬ ಗುರುತೇ ಅಲ್ಲಿ ಸಿಗಲಿಲ್ಲ. ಎಕ್ಸಿಟ್ ಕೋಡಿಗೆ ಮಾತ್ರ ನಾನು ಸ್ವಿಚ್ ಇಟ್ಟಿಲ್ಲ: ಸೊನ್ನೆಯಾದರೆ ಅದು ತಾನಾಗಿಯೇ ಕಾಣಿಸಿಕೊಳ್ಳುವುದಿಲ್ಲ, ಬೇರೆ ಏನೇ ಆದರೂ ಕೆಂಪು ಬಣ್ಣದಲ್ಲಿ ಮೊದಲು ಬರುತ್ತದೆ.