ಕುಣಿಯುವ ಕಳ್ಳಿಗಿಡ ಕುಣಿಯುತ್ತಲೇ ಇರಲು ಏನು ಮಾಡಬೇಕು?

ಹಸಿರು ಮಕಮಲ್ಲಿನ ಅಂಗಿ ತೊಟ್ಟು ಪುಟ್ಟ ಕುಂಡದಲ್ಲಿ ನಿಂತಿರುವ, ಗುಂಡಿ ಒತ್ತಿದರೆ ಹಾಡುತ್ತಾ ಬಳುಕುವ, ನಾವು ಆಡಿದ ಮಾತನ್ನು ಕೀಚಲು ದನಿಯಲ್ಲಿ ನಮಗೇ ತಿರುಗಿ ಹೇಳುವ ಕಳ್ಳಿಗಿಡದ ಆಟಿಕೆ ಈಗ ಚಿಕ್ಕ ಮಕ್ಕಳಿರುವ ಎಷ್ಟೋ ಮನೆಗಳಲ್ಲಿದೆ. ತಂದ ಹೊಸದರಲ್ಲಿ ದಿನವಿಡೀ ಕುಣಿಯುವ ಅದು ಕೆಲವು ತಿಂಗಳು ಕಳೆಯುವುದರೊಳಗೆ ಷೋಕೇಸಿನ ಮೂಲೆಗೋ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗೋ ಸೇರುತ್ತದೆ. ಕೇಳಿದರೆ ಕೆಟ್ಟುಹೋಯಿತು ಎನ್ನುತ್ತಾರೆ. ಹಾಗೆ ಬದಿಗಿಟ್ಟ ಹಲವು ಆಟಿಕೆಗಳನ್ನು ಬಿಚ್ಚಿ ನೋಡಿರುವ ನನ್ನ ಅನುಭವದಲ್ಲಿ ಅವುಗಳಲ್ಲಿ ಹೆಚ್ಚಿನವು ಕುಣಿದು ಸವೆದಿರಲಿಲ್ಲ, ಸೆಲ್ಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನೆ ಕುಳಿತು ಹಾಳಾಗಿದ್ದವು.

ನನ್ನ ಅಕ್ಕನ ಮಗನ ಕಳ್ಳಿಗಿಡವೂ ಹಾಗೆಯೇ ಮೌನವಾಗಿತ್ತು. ಕೊಂಡ ಅಂಗಡಿಯವರು ಇದಕ್ಕೆ ರಿಪೇರಿ ಇಲ್ಲ, ಹೊಸದನ್ನೇ ತೆಗೆದುಕೊಳ್ಳಿ ಎಂದರಂತೆ. ಕುಂಡದ ತಳದ ಮುಚ್ಚಳ ತೆಗೆದಾಗ ಮೂರು ಸೆಲ್ಲುಗಳಲ್ಲಿ ಒಂದರ ಬುಡದಿಂದ ಬಿಳಿಯ ಪುಡಿ ಹರಳುಗಟ್ಟಿ ಹೊರಬಂದಿತ್ತು. ಸ್ಪ್ರಿಂಗಿನ ತುದಿಯ ಎರಡು ಸುತ್ತುಗಳು ಅದರಲ್ಲಿ ಹೂತುಹೋಗಿದ್ದವು, ಪಕ್ಕದ ತಗಡಿನ ಮೇಲೆ ನವಿಲುಬಣ್ಣದ ಕಿಲುಬು ಹಿಡಿದಿತ್ತು. ಅರ್ಧ ಹೋಳು ನಿಂಬೆಹಣ್ಣು ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕಾಯಿತು.

ಆಟಿಕೆಯ ಒಳಗೇನಿದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕುಂಡದೊಳಗೆ ಒಂದು ಸಣ್ಣ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ನಾಲ್ಕೈದು ಪ್ಲಾಸ್ಟಿಕ್ ಗೇರುಗಳು, ಆ ಗೇರಿಗೆ ಅಂಟಿಕೊಂಡು ಗಿಡದ ಕಾಂಡವನ್ನು ಅತ್ತಿತ್ತ ಎಳೆಯುವ ಕಡ್ಡಿ, ಹಾಡುಗಳನ್ನು ತುಂಬಿಟ್ಟ ಚಿಪ್ ಇರುವ ಸರ್ಕ್ಯೂಟ್ ಹಲಗೆ, ಸ್ಪೀಕರ್ ಮತ್ತು ಕಡಲೆಬೇಳೆ ಗಾತ್ರದ ಮೈಕ್ ಇರುತ್ತವೆ. ಜಪಾನಿನ ಟಕಾರಾ ಕಂಪನಿ 1988ರಲ್ಲಿ ಮಾರುಕಟ್ಟೆಗೆ ತಂದ, ತಂಪು ಕನ್ನಡಕ ತೊಟ್ಟು ಸಂಗೀತಕ್ಕೆ ತೂಗುತ್ತಿದ್ದ ಹೂವಿನ ಆಟಿಕೆಯೂ ಸದ್ದು ಕೇಳಿದೊಡನೆ ಮೋಟಾರು ತಿರುಗಿಸುವ ಇದೇ ತತ್ತ್ವದ ಮೇಲೆ ನಡೆಯುತ್ತಿತ್ತು. ಆದ್ದರಿಂದ ಇಲ್ಲಿ ಹೇಳಿರುವುದು ಕಳ್ಳಿಗಿಡಕ್ಕೆ ಮಾತ್ರವಲ್ಲ, ಕುಣಿಯುವ ಹೂವು, ಕೋತಿ, ಬಾತುಕೋಳಿಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೊದಲ ಕೆಲಸ ಸೆಲ್ಲಿನದು

ಈ ಆಟಿಕೆಗಳಿಗೆ ಸಾಮಾನ್ಯವಾಗಿ ಮೂರು ಪೆನ್ಸಿಲ್ ಸೆಲ್ ಬೇಕಾಗುತ್ತವೆ. ಒಂದೊಂದು 1.5 ವೋಲ್ಟಿನಂತೆ ಒಟ್ಟು 4.5 ವೋಲ್ಟ್. ಪೆಟ್ಟಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಜಿಂಕ್ ಕಾರ್ಬನ್ ಸೆಲ್ಲುಗಳು ಗಡಿಯಾರಕ್ಕೂ ಟಿ.ವಿ. ರಿಮೋಟಿಗೂ ಚೆನ್ನಾಗಿ ಒದಗುತ್ತವೆಯೇ ಹೊರತು ಮೋಟಾರು ಒಮ್ಮೆಲೇ ಕೇಳುವಷ್ಟು ಕರೆಂಟನ್ನು ಕೊಡಲಾರವು. ಅಲ್ಲದೆ ಅವುಗಳ ಸತುವಿನ ಡಬ್ಬಿಯೇ ವಿದ್ಯುತ್ ಉತ್ಪಾದನೆಯಲ್ಲಿ ಕರಗುತ್ತಾ ಹೋಗುವುದರಿಂದ ಕೊನೆಗೆ ತೂತಾಗಿ ಸೋರುತ್ತವೆ. ಹಾಗಾಗಿ ಆಲ್ಕಲೈನ್ ಸೆಲ್ಲನ್ನೇ ಹಾಕುವುದು ಮೇಲು. ಮಗು ದಿನವೂ ಆಡುವುದಾದರೆ ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಇನ್ನೂ ಉತ್ತಮ. ಅವು ಒಂದೊಂದು 1.2 ವೋಲ್ಟ್ ಮಾತ್ರವಾದ್ದರಿಂದ ಕುಣಿತ ಕೊಂಚ ನಿಧಾನವಾಗಬಹುದು, ಆದರೆ ವೋಲ್ಟೇಜು ಬಹಳ ಹೊತ್ತು ಇಳಿಯದೆ ನಿಲ್ಲುತ್ತದೆ.

ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಎರಡು ಹೊಸದು, ಒಂದು ಹಳೆಯದು ಎಂದು ಹೊಂದಿಸಿ ಉಳಿತಾಯ ಮಾಡಲು ಹೋದರೆ ಬಲವಾದ ಸೆಲ್ಲುಗಳು ಖಾಲಿಯಾದ ಸೆಲ್ಲಿನ ಮೂಲಕ ಕರೆಂಟನ್ನು ಬಲವಂತವಾಗಿ ದೂಡುತ್ತವೆ, ಆಗ ಅದರೊಳಗೆ ಅನಿಲ ಹುಟ್ಟಿ ಸೀಲು ಒಡೆದು ದ್ರವ ಹೊರಬರುತ್ತದೆ. ಒಂದು ವಾರಕ್ಕಿಂತ ಹೆಚ್ಚು ಕಾಲ ಆಟಿಕೆಯನ್ನು ಬಳಸುವುದಿಲ್ಲವೆಂದು ಗೊತ್ತಾದರೆ ಸ್ವಿಚ್ ಆರಿಸಿದ್ದಷ್ಟೇ ಸಾಲದು, ಸೆಲ್ಲುಗಳನ್ನು ಹೊರತೆಗೆದಿಡಬೇಕು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ಸೆಲ್ ಸೋರಿದ್ದರೆ

ಕೈಗವಸು ಹಾಕಿಕೊಂಡು, ಮಕ್ಕಳನ್ನು ದೂರ ಕೂರಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ ಕೆಲಸ ಶುರುಮಾಡಬೇಕು. ಆಲ್ಕಲೈನ್ ಸೆಲ್ಲಿನಿಂದ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಚರ್ಮವನ್ನು ಸುಡಬಲ್ಲದು, ಕಣ್ಣಿಗೆ ತಾಗಿದರೆ ಅಪಾಯ. ಗಾಳಿಯೊಂದಿಗೆ ಸೇರಿ ಅದೇ ಬಿಳಿಯ ಹರಳಾಗುತ್ತದೆ. ಸೆಲ್ಲನ್ನು ತೆಗೆದ ಮೇಲೆ ಒಣಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿ, ಕಿವಿ ಶುಚಿಗೊಳಿಸುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲೋ ವಿನೆಗರಿನಲ್ಲೋ ಅದ್ದಿ, ಹಿಂಡಿ, ಸ್ಪ್ರಿಂಗಿನ ಸುತ್ತುಗಳ ನಡುವೆ ಒರೆಸಬೇಕು. ಸಣ್ಣಗೆ ನೊರೆ ಏಳುತ್ತದೆ. ಹುಳಿಯು ಕ್ಷಾರವನ್ನು ಶಮನ ಮಾಡುತ್ತಿದೆ ಎಂಬುದರ ಗುರುತು ಅದು. ನೊರೆ ನಿಂತ ಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಇನ್ನೊಂದು ಕಡ್ಡಿಯಿಂದ ಹುಳಿಯನ್ನೂ ತೆಗೆಯಬೇಕು, ಇಲ್ಲವಾದರೆ ಲೋಹವನ್ನು ಅದು ತಿನ್ನತೊಡಗುತ್ತದೆ. ಸೋರಿದ್ದು ಜಿಂಕ್ ಕಾರ್ಬನ್ ಸೆಲ್ಲಾದರೆ ಅದರ ದ್ರವ ಆಮ್ಲ ಗುಣದ್ದು. ಅದಕ್ಕೆ ನಿಂಬೆರಸ ಸಲ್ಲದು, ಅಡುಗೆ ಸೋಡಾವನ್ನು ಕೊಂಚ ನೀರಿನಲ್ಲಿ ಕಲಸಿ ಬಳಸಬೇಕು.

ಪೂರ್ತಿ ಒಣಗಿದ ಮೇಲೂ ಲೋಹ ಮಂಕಾಗಿದ್ದರೆ ನುಣುಪಾದ ಉಪ್ಪುಕಾಗದದಿಂದ ಒಂದೆರಡು ಸಲ ಉಜ್ಜಿ ಹೊಳಪು ಕಾಣುವಂತೆ ಮಾಡಿ. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಜಿಡ್ಡೂ ಹೋಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಬೇಡ, ಬಹಳಷ್ಟು ಸ್ಯಾನಿಟೈಸರುಗಳಲ್ಲಿ ಗ್ಲಿಸರಿನ್ ಇದ್ದು ಅದು ಅಂಟಾಗಿ ಉಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಊರುಗಳಲ್ಲಿ ಸೆಲ್ ಸೋರದಿದ್ದರೂ ಉಪ್ಪುಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿಯುವುದುಂಟು. ಅಲ್ಲಿಯವರು ಮಳೆಗಾಲಕ್ಕೆ ಮೊದಲು ಒಮ್ಮೆ ಈ ಭಾಗವನ್ನು ಒರೆಸಿಡುವುದು ಒಳ್ಳೆಯದು.

ಸದ್ದಿನಿಂದಲೇ ದೋಷ ಹಿಡಿಯುವುದು

ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಬೇಕು. ಹಾಡು ಶುರುವಾಗಿ, ಮೋಟಾರು ತಿರುಗಿದ ಕ್ಷಣದಲ್ಲೇ ಕತ್ತರಿಸಿ, ಮತ್ತೆ ಮೊದಲಿನಿಂದ ಹಾಡತೊಡಗಿದರೆ ದೋಷವಿರುವುದು ಸೆಲ್ಲಿನಲ್ಲಿ. ಮೋಟಾರು ಎಳೆಯುವ ಕರೆಂಟಿಗೆ ವೋಲ್ಟೇಜು ಕುಸಿದು ಚಿಪ್ ಎಚ್ಚರ ತಪ್ಪಿ ಮತ್ತೆ ಏಳುತ್ತಿರುತ್ತದೆ. ಹಾಡುತ್ತದೆ ಆದರೆ ಕುಣಿಯುವುದಿಲ್ಲ ಎಂದಾದರೆ ಕುಂಡವನ್ನು ಕಿವಿಗೆ ಹಿಡಿಯಿರಿ. ಗುಯ್ ಎಂಬ ಸದ್ದು ಬರುತ್ತಿದ್ದರೆ ಮೋಟಾರು ಜೀವಂತವಾಗಿದ್ದು ಗೇರು ಜಾರುತ್ತಿದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ. ಏನೂ ಕೇಳಿಸದಿದ್ದರೆ ಮೋಟಾರಿಗೆ ಹೋಗುವ ತಂತಿಯ ಬೆಸುಗೆ ಬಿಟ್ಟಿರಬಹುದು. ಕುಣಿಯುತ್ತದೆ ಆದರೆ ದನಿಯಿಲ್ಲದಿದ್ದರೆ ಸ್ಪೀಕರಿನ ತಂತಿಯನ್ನು ನೋಡಬೇಕು. ಮಾತನ್ನು ಮಾತ್ರ ತಿರುಗಿ ಹೇಳದಿದ್ದರೆ ಮೈಕಿನ ಮುಂದಿನ ಸೂಜಿರಂಧ್ರದಲ್ಲಿ ಧೂಳು ಕೂತಿದೆಯೇ ಎಂದು ನೋಡಿ, ಮೃದುವಾದ ಬ್ರಷ್ಷಿನಿಂದ ಮೇಲ್ಮೇಲೆ ಸವರಿದರೆ ಸಾಕು. ಪಿನ್ನು ಚುಚ್ಚಿದರೆ ಮೈಕ್ ಹೋಗಿಬಿಡುತ್ತದೆ.

ಗೇರಿನ ಪೆಟ್ಟಿಗೆ ತೆರೆಯಬೇಕಾದರೆ ಮೊದಲು ಬಟ್ಟೆಯನ್ನು ಬಿಡಿಸಬೇಕು. ಕುಂಡದ ಅಂಚಿನಲ್ಲಿ ಅದನ್ನು ದಾರದಿಂದಲೋ ಪ್ಲಾಸ್ಟಿಕ್ ಪಟ್ಟಿಯಿಂದಲೋ ಬಿಗಿದಿರುತ್ತಾರೆ. ಹೊಲಿಗೆಯಾದರೆ ಬ್ಲೇಡಿನಿಂದ ಒಂದು ಬದಿಯಷ್ಟೇ ಬಿಚ್ಚಿ, ಆಮೇಲೆ ಅದೇ ತೂತುಗಳಲ್ಲಿ ಹೊಲಿಯಬಹುದು. ಬಟ್ಟೆ ಕೊಳೆಯಾಗಿದ್ದರೆ ಒಗೆಯಲು ಇದೇ ತಕ್ಕ ಸಮಯ, ಏಕೆಂದರೆ ಇಡೀ ಆಟಿಕೆಯನ್ನು ಯಾವ ಕಾರಣಕ್ಕೂ ನೀರಿಗೆ ಹಾಕುವಂತಿಲ್ಲ. ಸ್ಕ್ರೂಗಳು ಉದ್ದ ಗಿಡ್ಡ ಇರುವುದರಿಂದ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಒಳಗಿನ ಜೋಡಣೆಯ ಒಂದು ಫೋಟೊ ತೆಗೆದುಕೊಳ್ಳಿ. ಗೇರುಗಳ ಮಧ್ಯೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕೂದಲು ಮತ್ತು ಬಟ್ಟೆಯ ಜೂಲು. ಚಿಮಟದಿಂದ ಎಳೆದು ತೆಗೆಯಬಹುದು. ಮೋಟಾರಿನ ತುದಿಯಲ್ಲಿರುವ ಅತಿ ಚಿಕ್ಕ ಗೇರನ್ನು ಬೆಳಕಿಗೆ ಹಿಡಿದು ನೋಡಿ: ಎರಡು ಹಲ್ಲುಗಳ ನಡುವೆ ಕೂದಲೆಳೆಯಂತಹ ಬಿರುಕು ಕಂಡರೆ ಅದು ಸರಳಿನ ಮೇಲೆ ಹಿಡಿತ ತಪ್ಪಿ ಸುಮ್ಮನೆ ಜಾರುತ್ತಿರುತ್ತದೆ. ಅಂಟು ಹಾಕಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಇಂತಹ ಗೇರು, ಮೋಟಾರು, ಸೆಲ್ ಪೆಟ್ಟಿಗೆಗಳು ದೊರೆಯುತ್ತವೆ. ಹಳೆಯದನ್ನೇ ಜೊತೆಗೆ ಒಯ್ದು ಹಲ್ಲೆಣಿಸಿ ತರಬೇಕು.

ಗೇರಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಬಹಳ. ಅದನ್ನು ದಯವಿಟ್ಟು ಬಿಡಬೇಕು. ಮಲೆನಾಡಿನ ಚಳಿಗಾಲದ ಬೆಳಗ್ಗೆ ಬಾಟಲಿಯೊಳಗೆ ಗಟ್ಟಿಯಾಗುವ ಎಣ್ಣೆ ಗೇರಿನ ಹಲ್ಲುಗಳ ನಡುವೆಯೂ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳನ್ನು ಹಿಡಿಯುತ್ತದೆ. ಪೆಟ್ರೋಲ್, ಥಿನ್ನರುಗಳು ಪ್ಲಾಸ್ಟಿಕ್ಕನ್ನೇ ಕೆಡಿಸುತ್ತವೆ. ಬೇಕಾದದ್ದು ಸಿಲಿಕೋನ್ ಗ್ರೀಸ್, ಅದೂ ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು.

ಆಡಿಸುವಾಗ ಗಮನಿಸಬೇಕಾದದ್ದು ಮುಖ್ಯವಾಗಿ ಒಂದೇ. ಕುಣಿಯುತ್ತಿರುವ ಗಿಡವನ್ನು ಮಗು ಅಪ್ಪಿಕೊಂಡೋ ಕತ್ತು ಹಿಡಿದೋ ನಿಲ್ಲಿಸಿದರೆ, ತಿರುಗಲಾರದ ಮೋಟಾರು ಸಾಮಾನ್ಯಕ್ಕಿಂತ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ, ಗೇರಿನ ಹಲ್ಲುಗಳು ಮುರಿಯುತ್ತವೆ. ಅಪ್ಪಿಕೊಳ್ಳಬೇಡ ಎಂದು ಎರಡು ವರ್ಷದ ಮಗುವಿಗೆ ಹೇಳಿ ಫಲವಿಲ್ಲವಾದ್ದರಿಂದ, ತಬ್ಬಿಕೊಂಡು ಮಲಗುವ ಹೊತ್ತಿಗೆ ದೊಡ್ಡವರೇ ಸ್ವಿಚ್ ಆರಿಸಬೇಕು.

ಯುಎಸ್‌ಬಿ ತಂತಿಯಿಂದ ಚಾರ್ಜ್ ಮಾಡುವ ಮಾದರಿಗಳ ಒಳಗೆ 3.7 ವೋಲ್ಟಿನ ಲಿಥಿಯಂ ಬ್ಯಾಟರಿ ಇರುತ್ತದೆ. ಅದನ್ನು 5 ವೋಲ್ಟಿನ ಸಾಧಾರಣ ಚಾರ್ಜರಿಗೆ ಹಾಕಿ, ನಾವು ಎಚ್ಚರವಾಗಿರುವಾಗ ಮಾತ್ರ ಚಾರ್ಜ್ ಮಾಡಬೇಕು. ಬಳಸದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ಅರ್ಧದಷ್ಟು ತುಂಬಿಸಿಟ್ಟರೆ ಬ್ಯಾಟರಿ ಬಾಳುತ್ತದೆ. ಉಬ್ಬಿದ್ದು ಕಂಡರೆ ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜಿಗೆ ಹಾಕುವುದು ಯಾವುದೂ ಕೂಡದು.

ಇನ್ನು ಚಿಕ್ಕ ಆಟಿಕೆಗಳಲ್ಲಿರುವ ಬಟನ್ ಸೆಲ್ಲಿನ ಬಗ್ಗೆ ಎಷ್ಟು ಎಚ್ಚರ ವಹಿಸಿದರೂ ಕಡಿಮೆಯೇ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗುತ್ತದೆ. ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವುದು ಈ ಕಾರಣಕ್ಕೇ, ಪ್ರತಿ ಸಲವೂ ಅದನ್ನು ಬಿಗಿ ಮಾಡಿಯೇ ಆಟಿಕೆಯನ್ನು ಮಗುವಿನ ಕೈಗೆ ಕೊಡಬೇಕು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ, ಬ್ಯಾಟರಿ ಆಟಿಕೆಗಳಿಗೆ ಅನ್ವಯಿಸುವ ಮಾನಕ ಐಎಸ್ 15644. ಹೊಸದನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಅದನ್ನು ಹುಡುಕಿ.

ಖಾಲಿಯಾದ ಸೆಲ್ಲುಗಳನ್ನು ಹಸಿಕಸದ ಬುಟ್ಟಿಗೆ ಹಾಕದೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಲಿಥಿಯಂ ಬ್ಯಾಟರಿಯಾದರೆ ಎರಡೂ ತುದಿಗಳಿಗೆ ಸೆಲೊಟೇಪ್ ಅಂಟಿಸಿ, ಬೇರೆ ಸೆಲ್ಲುಗಳೊಂದಿಗೆ ಬೆರೆಸದೆ ಕೊಡಿ.