ಸೀನಾಯಿ ಹತ್ತಲು ಮಧ್ಯರಾತ್ರಿ ಯಾಕೆ? ಮಧ್ಯಾಹ್ನವೇ ಸಾಕು

ಮೋಶೆಗೆ ದೇವರು ಹತ್ತು ಆಜ್ಞೆ ಕೊಟ್ಟ ಜಾಗ ಅಂತ ನಂಬುವ ಈಜಿಪ್ಟಿನ ಸೀನಾಯಿ ಬೆಟ್ಟ ಅಂದ ಕೂಡಲೇ ನಮ್ಮ ಟೂರ್ ಲೈನಿನಲ್ಲಿ ಎಲ್ಲರಿಗೂ ಒಂದೇ ಲೆಕ್ಕ. ರಾತ್ರಿ 1ಕ್ಕೆ ಎಬ್ಬಿಸು, 2ಕ್ಕೆ ಹತ್ತಿಸು, ಸೂರ್ಯೋದಯ ತೋರಿಸು, ಇಳಿಸಿ ಬುಡದ ಸೇಂಟ್ ಕ್ಯಾಥರಿನ್ ಕ್ರೈಸ್ತ ಮಠ ತೋರಿಸು, ಬಸ್ಸಿಗೆ ತುಂಬಿಸು. ನಾನೂ ವರ್ಷಗಟ್ಟಲೆ ಹಾಗೇ ಮಾಡಿಸಿದೆ. ಈಗ ಬಿಟ್ಟಿದ್ದೇನೆ. ನನ್ನ ಗುಂಪು ಮಧ್ಯಾಹ್ನ ಊಟ ಮುಗಿಸಿ ಹತ್ತುತ್ತದೆ, ಮೇಲೆ ಸೂರ್ಯಾಸ್ತ ನೋಡುತ್ತದೆ, ಬೆಳದಿಂಗಳಲ್ಲಿ ಇಳಿಯುತ್ತದೆ. ಇದನ್ನು ಮೊದಲು ಹೇಳಿದಾಗ ಕೈರೋದ ಏಜೆಂಟ್ ನಕ್ಕುಬಿಟ್ಟ. ಮಂಗಳೂರಿನಲ್ಲಿ ಇದೇ ಕೆಲಸ ಮಾಡುವ ಹಿರಿಯರೊಬ್ಬರು, "ಅರವತ್ತು ದಾಟಿದವರನ್ನು ಕತ್ತಲಲ್ಲಿ ಇಳಿಸ್ತೀಯಾ ಮಾರಾಯ, ತಲೆ ಸರಿ ಉಂಟಾ?" ಎಂದರು. ಈಗ ಅವರೇ ಫೋನ್ ಮಾಡಿ ತಾರೀಕು ಕೇಳುತ್ತಾರೆ.

ರಾತ್ರಿ ಹತ್ತುವುದರಲ್ಲಿ ಏನು ತೊಂದರೆ ಅಂತ ಕೇಳಬೇಡಿ, ನಿಮಗೇ ಗೊತ್ತಿದೆ. ಕೈರೋದಿಂದ ಬೆಳಿಗ್ಗೆ ಹೊರಟು ಸುಯೆಜ್ ಸುರಂಗ ದಾಟಿ, ಅಯೂನ್ ಮೂಸಾ ಬುಗ್ಗೆಗಳ ಹತ್ತಿರ ಮೋಶೆ ಮಾರಾದ ಕಹಿ ನೀರನ್ನು ಸಿಹಿ ಮಾಡಿದ ಕಥೆ ಹೇಳಿ, ಒಂದೊಂದು ಚೆಕ್‌ಪೋಸ್ಟಿನಲ್ಲೂ ಪಾಸ್‌ಪೋರ್ಟ್ ಪಟ್ಟಿ ಕೊಟ್ಟು, ಫೈರಾನ್ ಖರ್ಜೂರದ ತೋಟದಲ್ಲಿ ಫೋಟೋ ಮುಗಿಸುವಷ್ಟರಲ್ಲಿ ಸಂಜೆ. ಊಟ ಮಾಡಿ ಮಲಗಿದರೆ ನಾಲ್ಕು ಗಂಟೆ ನಿದ್ದೆಯೂ ಇಲ್ಲ. ಚಳಿಗಾಲದಲ್ಲಿ ಮೇಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನಮ್ಮವರು ಉಡುಪಿಯಲ್ಲಿ ಕೊಂಡ ಸ್ವೆಟರ್ ಹಾಕಿಕೊಂಡು ಬಂದಿರುತ್ತಾರೆ. ಮೂವತ್ತು ಜನರಲ್ಲಿ ತುದಿ ಮುಟ್ಟುತ್ತಿದ್ದದ್ದು ಹತ್ತೋ ಹನ್ನೆರಡೋ. ಉಳಿದವರು ಒಂಟೆಗೆ ಕೊಟ್ಟ ದುಡ್ಡು ವಾಪಸ್ ಬರಲ್ಲ. ಬೆಳಿಗ್ಗೆ 9ಕ್ಕೆ ಮಠದ ಬಾಗಿಲು ತೆರೆದಾಗ ಎಲ್ಲರಿಗೂ ತೂಕಡಿಕೆ. ಇಷ್ಟು ದೂರ ಬಂದು, ದೇವರು ಮೋಶೆಯೊಂದಿಗೆ ಮಾತಾಡಿದ್ದು ಎನ್ನುವ ಉರಿಯುವ ಪೊದೆಯ ಮುಂದೆಯೇ ಗೋಡೆಗೆ ಒರಗಿ ನಿದ್ದೆ ಹೊಡೆದವರನ್ನು ನೋಡಿದ್ದೇನೆ.

ನನ್ನ ವಿಧಾನಕ್ಕೆ ಸೇಂಟ್ ಕ್ಯಾಥರಿನ್ ಊರಿನಲ್ಲಿ ಎರಡು ರಾತ್ರಿ ಬೇಕು. ಏಜೆಂಟ್ ತಕರಾರು ತೆಗೆದದ್ದು ಇಲ್ಲಿಯೇ. ತಲೆಗೆ 40 ಡಾಲರ್ ಜಾಸ್ತಿ ಆಗುತ್ತೆ ಎಂದ. ನಾನು ಕೈರೋದ ಪಪೈರಸ್ ಅಂಗಡಿ, ಅತ್ತರಿನ ಅಂಗಡಿಗೆ ಇಟ್ಟಿದ್ದ ಅರ್ಧ ದಿನ ತೆಗೆದೆ, ಒಂದು ರಾತ್ರಿ ಅಲ್ಲಿ ಕಡಿಮೆ ಮಾಡಿದೆ. ಸೇಂಟ್ ಕ್ಯಾಥರಿನ್‌ನಲ್ಲಿ ಸಾದಾ ಹೋಟೆಲ್ ಹಿಡಿದರೆ ಕೈರೋಗಿಂತ ಅಗ್ಗವೇ. ಒಟ್ಟು ವ್ಯತ್ಯಾಸ ತಲೆಗೆ ಸಾವಿರ ರೂಪಾಯಿಯೂ ದಾಟಲಿಲ್ಲ. ಅವನಿಗೆ ಉರಿದದ್ದು ಅಂಗಡಿಯ ಕಮಿಷನ್ ಹೋಯಿತಲ್ಲ, ಅದಕ್ಕೆ. ಸುಮ್ನೆ 'ಸೇಫ್ಟಿ, ಸೇಫ್ಟಿ' ಅಂತಿದ್ದ.

ಕತ್ತಲೆಯ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಗೋಡೆಯಲ್ಲೇ ಇತ್ತು. ಪಂಚಾಂಗದ ಕ್ಯಾಲೆಂಡರ್! ಹುಣ್ಣಿಮೆಯ ದಿನವೇ ಬೇಕು ಅಂತ ಹಠ ಬೇಡ. ಹುಣ್ಣಿಮೆ ದಾಟಿದರಂತೂ ಪೂರ್ತಿ ಕೆಟ್ಟಿತು. ಸೂರ್ಯ ಮುಳುಗಿ ಚಂದ್ರ ಬರುವವರೆಗೆ ನಡುವೆ ಕಗ್ಗತ್ತಲೆ, ಅದೇ ಹೊತ್ತಿಗೆ ನೀವು ಇಳಿಯುತ್ತಿರುತ್ತೀರಿ. ಮೇಲಾಗಿ ಸುತ್ತ ಬೆಟ್ಟಗಳಿರುವುದರಿಂದ ಚಂದ್ರ ಕಣ್ಣಿಗೆ ಬೀಳುವುದು ಇನ್ನೂ ತಡ. ಶುಕ್ಲ ದ್ವಾದಶಿ, ತ್ರಯೋದಶಿ ಸರಿಯಾದ ದಿನ. ಸೂರ್ಯ ಮುಳುಗುವಾಗಲೇ ಚಂದ್ರ ಮೇಲೆ ಬಂದಿರುತ್ತಾನೆ. ದಾರಿಯಲ್ಲಿ ಮರ ಇಲ್ಲ, ಬರೀ ಕೆಂಪು ಗ್ರಾನೈಟ್. ಒಂಟೆ ದಾರಿ ಬೆಳ್ಳಗೆ ಕಾಣುತ್ತದೆ. ಟಾರ್ಚ್ ಎಲ್ಲರ ಕೈಯಲ್ಲೂ ಇರುತ್ತದೆ, ಬಂಡೆಯ ನೆರಳು ಬಿದ್ದ ತಿರುವುಗಳಲ್ಲಿ ಮಾತ್ರ ಹಾಕುತ್ತಾರೆ. ಗುಂಪಿನ ಫಾದರ್‌ಗೂ ಇದು ಇಷ್ಟವಾಯಿತು. ಬೈಬಲಿನಲ್ಲಿ ಇಸ್ರಾಯೇಲ್ಯರು ಐಗುಪ್ತ (ಈಜಿಪ್ಟ್) ಬಿಟ್ಟು ಹೊರಟದ್ದೂ ಮೊದಲ ತಿಂಗಳ ಹದಿನೈದನೇ ದಿನ, ಅಂದರೆ ಹುಣ್ಣಿಮೆಯ ಆಸುಪಾಸಿನಲ್ಲೇ ಅಲ್ವಾ?

ಆವತ್ತಿನ ದಿನ ಹೀಗೆ ನಡೆಯುತ್ತದೆ. ಚೆನ್ನಾಗಿ ಮಲಗಿ ಎದ್ದು 9ಕ್ಕೆ ಮಠ. ರೋಮನ್ ಚಕ್ರವರ್ತಿ ಜಸ್ಟಿನಿಯನ್ 6ನೇ ಶತಮಾನದಲ್ಲಿ ಕಟ್ಟಿಸಿದ ಗೋಡೆಯನ್ನು, ಒಳಗಿನ ಮಸೀದಿಯನ್ನು, ಮೋಶೆಯ ಬಾವಿಯನ್ನು ನಿಧಾನವಾಗಿ ನೋಡಲು ಆಗುತ್ತದೆ. 12ಕ್ಕೆ ಊಟ, ಅರ್ಧ ಹೊಟ್ಟೆ ಮಾತ್ರ. ಚಳಿಗಾಲದಲ್ಲಿ 1ಕ್ಕೆ ಹತ್ತಲು ಶುರು. ತುದಿ 2,285 ಮೀಟರ್, ಮಠದಿಂದ ಸುಮಾರು 700 ಮೀಟರ್ ಏರು. ಒಂಟೆಗಳು ಕೊನೆಯ 750 ಮೆಟ್ಟಿಲಿನ ಬುಡದವರೆಗೆ ಬರುತ್ತವೆ. ಮಂಡಿ ಗಟ್ಟಿ ಇಲ್ಲದವರನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಪಕ್ಕದಲ್ಲೇ ಪ್ರವಾದಿ ಎಲೀಯನ ತಗ್ಗು ಇದೆ, ಹಳೆಯ ಸೈಪ್ರೆಸ್ ಮರ, ಚಿಕ್ಕ ಚಾಪೆಲ್. ಅಲ್ಲಿ ಬೈಬಲಿನ ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯ, ಅಂದರೆ ಎಲೀಯ ಈ ಬೆಟ್ಟಕ್ಕೆ ಬಂದ ಕಥೆ, ಓದಿಸುತ್ತೇನೆ. ತುದಿಗೆ ಹೋಗಲಿಲ್ಲ ಎಂಬ ಬೇಜಾರು ಯಾರಿಗೂ ಉಳಿಯುವುದಿಲ್ಲ. ಹೋದವರಿಗೆ 1934ರಲ್ಲಿ ಕಟ್ಟಿದ ಚಾಪೆಲಿನ ಹೊರಗೆ ಕೂರಲು ಜಾಗ ಸಿಗುತ್ತದೆ. ಬೆಳಗಿನ ಜಾವದ ನೂಕುನುಗ್ಗಲು ನೆನಪಿಸಿಕೊಳ್ಳಿ. ಸಂಜೆ ಮೇಲೆ ನಮ್ಮವರು, ಜೊತೆಗೆ ಒಬ್ಬಿಬ್ಬರು, ಅಷ್ಟೇ.

ಇಳಿಯುವುದು ಒಂಟೆ ದಾರಿಯಲ್ಲೇ. ಎಷ್ಟೇ ಗೋಗರೆದರೂ 3,750 ಮೆಟ್ಟಿಲಿನ ಇನ್ನೊಂದು ದಾರಿಗೆ ಬಿಡುವುದಿಲ್ಲ. ಇಳಿಜಾರಿನಲ್ಲಿ ಒಂಟೆಯ ಮೇಲೆ ಕೂತರೆ ಸೊಂಟ ಹೋಗುತ್ತದೆ, ಹಾಗಾಗಿ ಒಂಟೆ ಹತ್ತಲು ಮಾತ್ರ, ಇಳಿಯುವಾಗ ತೀರಾ ನಡೆಯಲಾಗದವರಿಗಷ್ಟೇ. ಒಂದು ಗುಂಪಿಗೆ ಒಬ್ಬ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನ) ಗೈಡ್ ಕಡ್ಡಾಯ, ನಾನು ಏಳೆಂಟು ಜನಕ್ಕೆ ಒಬ್ಬನಂತೆ ಇಡುತ್ತೇನೆ. ಎಲ್ಲರೂ ಜೆಬೆಲಿಯಾ ಕುಲದವರು. ಮಠ ಕಾಯಲು ಜಸ್ಟಿನಿಯನ್ ಕಳಿಸಿದವರ ವಂಶ ತಮ್ಮದು ಅಂತ ಹೇಳಿಕೊಳ್ಳುತ್ತಾರೆ. ಅವರ ದುಡ್ಡನ್ನು ಅವರ ಕೈಗೇ ಕೊಡಿ. ಮೊದಲು ನಾನು ಏಜೆಂಟ್ ಮೂಲಕ ಒಂಟೆಗೆ 25 ಡಾಲರ್ ಹತ್ತಿರ ಕಟ್ಟುತ್ತಿದ್ದೆ, ಒಂಟೆಯವನ ಕೈಗೆ ಅದರ ಅರ್ಧವೂ ಹೋಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬಕ್ಷೀಸ್ ಜಗಳ ಹುಟ್ಟುತ್ತಿದ್ದದ್ದು ಅದರಿಂದಲೇ. ಈಗ ಜಗಳವೇ ಇಲ್ಲ. ಕತ್ತಲಾದ ಮೇಲೂ ದಾರಿಯ ಚಹಾ ಅಂಗಡಿಯೊಂದು ನಮಗಾಗಿ ಒಲೆ ಹಚ್ಚಿಟ್ಟು ಕಾಯುವಂತೆ ಹೇಗೆ ಮಾಡಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ. ಕ್ಷಮಿಸಿ, ಅದು ನನ್ನ ಅನ್ನ.

ಹಗಲಲ್ಲಿ ಹತ್ತುವುದು ಸಂಪ್ರದಾಯ ಅಲ್ಲ ಎನ್ನುವವರಿಗೆ ಎಗೇರಿಯಾಳ ಹೆಸರು ಹೇಳಿ. 4ನೇ ಶತಮಾನದ ಕೊನೆಗೆ ಬಂದ ಯಾತ್ರಿ ಆಕೆ. ಬೆಳಿಗ್ಗೆ ಹೊರಟು, ಪೂರ್ತಿ ಕಾಲ್ನಡಿಗೆಯಲ್ಲೇ ಹತ್ತಿ, ಸುಮಾರು 10ರ ಹೊತ್ತಿಗೆ ತುದಿಯಲ್ಲಿದ್ದಳು. ಈಚೆಗೆ ಯೂಟ್ಯೂಬ್ ನೋಡಿ ಬಂದವರು 'ನಿಜವಾದ ಸೀನಾಯಿ ಸೌದಿಯ ಜಬಲ್ ಅಲ್-ಲಾಜ್ ಅಂತೆ' ಅಂತ ಬಸ್ಸಿನಲ್ಲೇ ವಾದ ಶುರು ಮಾಡುತ್ತಾರೆ. ಅವರಿಗೂ ನಾನು ಎಗೇರಿಯಾಳನ್ನೇ ತೋರಿಸುವುದು. 1600 ವರ್ಷದಿಂದ ಯಾತ್ರಿಗಳು ಮೊಣಕಾಲೂರಿದ ಜಾಗ ನನಗೆ ಸಾಕು.

ಇದರ ನಡುವೆ, ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನಾದ ಹುಚ್ಚೂ ಹಿಡಿದಿತ್ತು. ಟಾಮರಿಸ್ಕ್ ಗಿಡದ ರಸ ಕುಡಿಯುವ ಸಣ್ಣ ಹುಳುಗಳು ಬಿಡುವ ಸಿಹಿ ಹನಿಯೇ ಮನ್ನಾ ಅಂತ ಒಂದು ವಾದ ಇದೆ. ಗುಂಪಿಗೆ ರುಚಿ ತೋರಿಸಿದರೆ ಎಷ್ಟು ಚೆನ್ನ ಅಂತ ಗೈಡುಗಳ ಬೆನ್ನು ಬಿದ್ದೆ. ಅದು ಬೇಸಿಗೆಯ ಶುರುವಿನಲ್ಲಿ ಸಿಗುವಂಥದ್ದು, ನಮ್ಮ ಟೂರ್ ಚಳಿಗಾಲದ್ದು. ಒಬ್ಬ ಪುಟ್ಟ ಡಬ್ಬಿಯಲ್ಲಿ ಏನೋ ತಂದುಕೊಟ್ಟು 10 ಡಾಲರ್ ತೆಗೆದುಕೊಂಡ. ನೆಕ್ಕಿದರೆ ಖರ್ಜೂರದ ಪಾಕ! ಟೂರಿನ ಮುಂದಿನ ಭಾಗವಾದ ಜೋರ್ಡಾನಿಗೆ ನುವೈಬಾ ಬಂದರಿನಿಂದ ಅಕಾಬಾ ಫೆರಿಯನ್ನೂ ಪ್ರಯತ್ನಿಸಿದೆ. ದುಡ್ಡು ಉಳಿಯಿತು, ಆದರೆ ಬಂದರಿನಲ್ಲಿ ಕಾದು ಕಾದು ಮೋಶೆ ಕೊನೆಯುಸಿರೆಳೆದ ನೆಬೋ ಬೆಟ್ಟಕ್ಕೆ ಇಟ್ಟಿದ್ದ ಮಧ್ಯಾಹ್ನವೇ ಹೋಯಿತು. ಈಗ ಕೈರೋದಿಂದ ಅಮ್ಮಾನಿಗೆ ವಿಮಾನವೇ.

ಇನ್ನೂ ಬಗೆಹರಿಯದ್ದು ವಾರದ ಲೆಕ್ಕ. ಮಠಕ್ಕೆ ಶುಕ್ರವಾರ, ಭಾನುವಾರ ರಜೆ, ಗ್ರೀಕ್ ಆರ್ಥೊಡಾಕ್ಸ್ ಹಬ್ಬಗಳಿದ್ದರೆ ಅದೂ ಸೇರುತ್ತದೆ. ತ್ರಯೋದಶಿ ಶುಕ್ರವಾರ ಬಿದ್ದರೆ ಗುರುವಾರವೇ ಹತ್ತಿಸುತ್ತೇನೆ, ಚಂದ್ರ ಸ್ವಲ್ಪ ಚಿಕ್ಕವನಿದ್ದರೂ ನಡೆಯುತ್ತದೆ. ಭಾನುವಾರ ಬಿದ್ದರೆ ಶನಿವಾರ. ಹೀಗೆ ಹೊಂದಿಸಿದರೆ ನವೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೊಂದೇ ತಾರೀಕು, ವರ್ಷಕ್ಕೆ ನಾಲ್ಕೈದು ಗುಂಪು ಅಷ್ಟೇ. ವಾರಕ್ಕೊಂದು ಬಸ್ ಬಿಡುವ ದೊಡ್ಡ ಕಂಪನಿಗಳಿಗೆ ಇದು ಆಗದ ಮಾತು. ನನಗೆ ಮೂವತ್ತು ಜನ ತುಂಬಿದರೆ ತಲೆಗೆ ಹನ್ನೆರಡು ಸಾವಿರ ಹತ್ತಿರ ಉಳಿಯುತ್ತದೆ, ಇಪ್ಪತ್ತಕ್ಕಿಂತ ಕಡಿಮೆಯಾದರೆ ಹೆಚ್ಚುವರಿ ಗೈಡುಗಳ ಕೂಲಿಯೇ ಲಾಭ ತಿನ್ನುತ್ತದೆ. ಅಷ್ಟು ಜನ ಆಗದಿದ್ದರೆ ಆ ತಿಂಗಳು ಹೊರಡುವುದೇ ಇಲ್ಲ.