ಪಿಬಿಎ ತಂಡವೊಂದರ ಇಡೀ ಸೀಸನ್ ಮೈಸೂರಿನಲ್ಲಿ ಕೂತು ಲೆಕ್ಕ ಹಿಡಿಯುವುದು ಹೇಗೆ

ಫಿಲಿಪ್ಪೀನ್ಸ್‌ನ ಬಾಸ್ಕೆಟ್‌ಬಾಲ್ ಲೀಗ್ ಪಿಬಿಎಯನ್ನು ಐಪಿಎಲ್ ನೋಡುವ ಹಾಗೆ ನೋಡಲು ಹೊರಟರೆ ಮೊದಲ ತಿಂಗಳಲ್ಲೇ ದಾರಿ ತಪ್ಪುತ್ತದೆ. ಐಪಿಎಲ್‌ನಲ್ಲಿ ಒಂದು ಪಾಯಿಂಟ್ಸ್ ಟೇಬಲ್, ಒಂದು ಕಪ್. 1975ರ ಏಪ್ರಿಲ್ 9ರಂದು ಶುರುವಾದ ಈ ಲೀಗ್‌ನ ಪೂರ್ಣ ಸೀಸನ್ ಎಂದರೆ ಮೂರು ಪ್ರತ್ಯೇಕ ಪಂದ್ಯಾವಳಿಗಳು. ಅಲ್ಲಿ ಪ್ರತಿಯೊಂದನ್ನೂ ಕಾನ್ಫರೆನ್ಸ್ ಎನ್ನುತ್ತಾರೆ. ಒಂದು ಮುಗಿದ ಕೂಡಲೇ ಟೇಬಲ್ ಸೊನ್ನೆಗೆ ಬರುತ್ತದೆ. ಹಾಗಾಗಿ ‘ಈ ತಂಡ ಈ ವರ್ಷ ಎಷ್ಟು ಗೆದ್ದಿದೆ’ ಎಂದು ಒಟ್ಟು ಲೆಕ್ಕ ಹಾಕಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ಮೂರರಲ್ಲಿ ಫಿಲಿಪ್ಪೀನ್ ಕಪ್ ಸ್ಥಳೀಯ ಆಟಗಾರರದ್ದು, ವಿದೇಶಿ ಆಟಗಾರನಿಗೆ ಪ್ರವೇಶವಿಲ್ಲ. ಕಮಿಷನರ್ಸ್ ಕಪ್ ಮತ್ತು ಗವರ್ನರ್ಸ್ ಕಪ್‌ನಲ್ಲಿ ತಂಡಕ್ಕೊಬ್ಬ ವಿದೇಶಿ ಆಟಗಾರ ಇರುತ್ತಾನೆ. ಅವನನ್ನು ಇಂಪೋರ್ಟ್ ಎಂದೇ ಕರೆಯುತ್ತಾರೆ. ಅವನ ಎತ್ತರಕ್ಕೆ ಮಿತಿಯುಂಟು. ಕಮಿಷನರ್ಸ್ ಕಪ್‌ನಲ್ಲಿ ಹೆಚ್ಚು ಎತ್ತರದವರಿಗೆ ಅವಕಾಶ, ಗವರ್ನರ್ಸ್ ಕಪ್‌ನಲ್ಲಿ ಅದಕ್ಕಿಂತ ಕಡಿಮೆ. ಮೂರೂ ಕಪ್ ಒಂದೇ ಸೀಸನ್‌ನಲ್ಲಿ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್. ಕ್ರಿಸ್ಪಾ 1976 ಮತ್ತು 1983ರಲ್ಲಿ, ಸ್ಯಾನ್ ಮಿಗೆಲ್ 1989ರಲ್ಲಿ, ಅಲಾಸ್ಕಾ 1996ರಲ್ಲಿ, ಸ್ಯಾನ್ ಮಿಗ್ (ಇದು ಸ್ಯಾನ್ ಮಿಗೆಲ್ ಅಲ್ಲ, ಬೇರೆ ತಂಡ) 2013-14ರಲ್ಲಿ ಇದನ್ನು ಸಾಧಿಸಿವೆ.

ತಂಡದ ಹೆಸರು ಕಂಪನಿಯದ್ದು, ಊರಿನದ್ದಲ್ಲ. ಪಂದ್ಯಗಳು ಹೆಚ್ಚಾಗಿ ಮನಿಲಾ ಸುತ್ತಮುತ್ತಲಿನ ಹಂಚಿಕೆಯ ಅಂಕಣಗಳಲ್ಲಿ ನಡೆಯುತ್ತವೆ. ನೋಟ್‌ಬುಕ್‌ನಲ್ಲಿ ‘ಹೋಮ್, ಅವೇ’ ಕಾಲಂ ಹಾಕಬೇಡಿ, ಜಾಗ ದಂಡ.

ನೋಟ್‌ಬುಕ್ ಸಿದ್ಧತೆ

200 ಪುಟದ ಲಾಂಗ್ ನೋಟ್‌ಬುಕ್ ಸಾಕು. ಮೂರು ಭಾಗ ಮಾಡಿ, ಕಾನ್ಫರೆನ್ಸ್‌ಗೊಂದು. ಯಾವುದು ಮೊದಲು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ: 49ನೇ ಸೀಸನ್ ಗವರ್ನರ್ಸ್ ಕಪ್‌ನಿಂದ ಶುರುವಾಯಿತು, 50ನೆಯದು ಫಿಲಿಪ್ಪೀನ್ ಕಪ್‌ನಿಂದ. ಆದ್ದರಿಂದ ಭಾಗಗಳಿಗೆ ಮೊದಲೇ ಹೆಸರು ಬರೆದಿಡದೆ ವೇಳಾಪಟ್ಟಿ ಬಂದ ಮೇಲೆ ಬರೆಯಿರಿ.

ಕಲಿಯಲು 49ನೇ ಸೀಸನ್‌ನ ಟಿಎನ್‌ಟಿ ತಂಡಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಲೀಗ್ ಹಂತದಲ್ಲೇ 10, 12, 11, ಒಟ್ಟು 33 ಪಂದ್ಯ. ಮೂರೂ ಫೈನಲ್‌ಗೆ ಬಂದ ತಂಡ ಅದು: ಗವರ್ನರ್ಸ್ ಕಪ್‌ನಲ್ಲಿ ಜಿನೆಬ್ರಾ ವಿರುದ್ಧ 4-2, ಕಮಿಷನರ್ಸ್ ಕಪ್‌ನಲ್ಲಿ ಅದೇ ಜಿನೆಬ್ರಾ ವಿರುದ್ಧ 4-3, ಕೊನೆಗೆ ಫಿಲಿಪ್ಪೀನ್ ಕಪ್‌ನಲ್ಲಿ ಸ್ಯಾನ್ ಮಿಗೆಲ್‌ಗೆ 2-4ರಿಂದ ಶರಣು. ಫೈನಲ್‌ಗಳೇ 19 ಪಂದ್ಯ. ಒಂದು ಪಂದ್ಯಕ್ಕೆ ಒಂದು ಪುಟ ಇಟ್ಟರೂ ಪುಸ್ತಕ ತುಂಬುವುದಿಲ್ಲ.

ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ 5ರ ಪಂದ್ಯ ಇಲ್ಲಿ ಮಧ್ಯಾಹ್ನ 2.30ಕ್ಕೆ, ರಾತ್ರಿ 7.30ರದ್ದು ಇಲ್ಲಿ ಸಂಜೆ 5ಕ್ಕೆ. ಎರಡನೆಯದು ಮೈಸೂರು, ಮಂಡ್ಯದ ಅಂಕಣಗಳಲ್ಲಿ ಪ್ರಾಕ್ಟೀಸ್ ಶುರುವಾಗುವ ಹೊತ್ತು. ಪ್ರಾಕ್ಟೀಸ್ ಬಿಡಬೇಡಿ, ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ರಾತ್ರಿ ಬರೆದುಕೊಂಡು, ಮುಖ್ಯಾಂಶ ಬೆಳಿಗ್ಗೆ ನೋಡಿದರಾಯಿತು.

ಪ್ರತಿ ಪಂದ್ಯಕ್ಕೆ ಬೇಕಾದ ಕಾಲಂಗಳು: ಎದುರಾಳಿ, ಕ್ವಾರ್ಟರ್‌ವಾರು ಸ್ಕೋರ್, ಬಾಸ್ಕೆಟ್‌ಗೆ ಎಸೆದ ಒಟ್ಟು ಶಾಟ್, ಫ್ರೀ ಥ್ರೋ (ಫೌಲ್‌ಗೆ ಸಿಗುವ ಉಚಿತ ಎಸೆತ), ಅಫೆನ್ಸಿವ್ ರೀಬೌಂಡ್ (ತಮ್ಮ ತಂಡದ ಶಾಟ್ ತಪ್ಪಿದಾಗ ಚೆಂಡನ್ನು ಮತ್ತೆ ಹಿಡಿದದ್ದು), ಟರ್ನೋವರ್ (ಶಾಟ್ ಎಸೆಯುವ ಮೊದಲೇ ಚೆಂಡು ಎದುರಾಳಿಗೆ ಹೋದದ್ದು), ಇಂಪೋರ್ಟ್‌ನ ನಿಮಿಷ ಮತ್ತು ಪಾಯಿಂಟ್. ಇಷ್ಟಿದ್ದರೆ ಚೆಂಡು ಎಷ್ಟು ಸಲ ಕೈಗೆ ಬಂತು ಎಂದು ಲೆಕ್ಕ ಹಾಕಬಹುದು: ಶಾಟ್‌ಗಳಿಗೆ ಫ್ರೀ ಥ್ರೋಗಳ 0.44 ಪಾಲು ಸೇರಿಸಿ, ಅಫೆನ್ಸಿವ್ ರೀಬೌಂಡ್ ಕಳೆದು, ಟರ್ನೋವರ್ ಕೂಡಿಸಿ. ಉದಾಹರಣೆಗೆ 85 ಶಾಟ್, 25 ಫ್ರೀ ಥ್ರೋ, 12 ಅಫೆನ್ಸಿವ್ ರೀಬೌಂಡ್, 14 ಟರ್ನೋವರ್ ಇದ್ದರೆ 85 + 11 − 12 + 14 = 98. ಆ ತಂಡ 102 ಹೊಡೆದಿದ್ದರೆ ನೂರು ಅವಕಾಶಕ್ಕೆ 104. ಎರಡು ಪಂದ್ಯಗಳನ್ನು ಹೋಲಿಸಬೇಕಾದ್ದು ಈ ಅಂಕಿಯಿಂದ. ಬರೀ ಸ್ಕೋರ್ ನೋಡಿದರೆ ವೇಗವಾಗಿ ಆಡುವ ತಂಡವೇ ಚೆನ್ನಾಗಿ ಆಡಿದಂತೆ ಕಾಣುತ್ತದೆ.

ನಮ್ಮ ಕ್ಲಬ್ ಪಂದ್ಯಗಳೊಂದಿಗೆ ಹೋಲಿಸುವಾಗ ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಇಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ ನಿಯಮದ 10 ನಿಮಿಷದ ಕ್ವಾರ್ಟರ್, ಒಟ್ಟು 40 ನಿಮಿಷ. ಪಿಬಿಎಯಲ್ಲಿ 12 ನಿಮಿಷದ ಕ್ವಾರ್ಟರ್, ಒಟ್ಟು 48. ಓವರ್‌ಟೈಮ್ ಬಂದರೆ 53. ಕಮಿಷನರ್ಸ್ ಕಪ್ ಫೈನಲ್‌ನ ಏಳನೇ ಪಂದ್ಯವನ್ನು ಟಿಎನ್‌ಟಿ ಓವರ್‌ಟೈಮ್‌ನಲ್ಲಿ 87-83ರಿಂದ ಗೆದ್ದಿತು. 87ನ್ನು 53ರಿಂದ ಭಾಗಿಸಿ 40ರಿಂದ ಗುಣಿಸಿದರೆ ನಮ್ಮ 40 ನಿಮಿಷದ ಲೆಕ್ಕಕ್ಕೆ ಸುಮಾರು 66. ಓವರ್‌ಟೈಮ್ ಮರೆತು 48ರಿಂದ ಭಾಗಿಸಿದರೆ 72.5 ಬರುತ್ತದೆ, ಆಗ ಉಸಿರುಗಟ್ಟಿಸುವ ಡಿಫೆನ್ಸ್‌ನ ಆ ಪಂದ್ಯ ಸಾಧಾರಣವಾದದ್ದೆನಿಸುತ್ತದೆ.

ನಾಲ್ಕು ಪಾಯಿಂಟ್ ಗೆರೆ

49ನೇ ಸೀಸನ್‌ನಿಂದ 27 ಅಡಿ, ಅಂದರೆ 8.23 ಮೀಟರ್ ದೂರದ ಗೆರೆಯಾಚೆಯಿಂದ ಹಾಕಿದರೆ ನಾಲ್ಕು ಪಾಯಿಂಟ್. ಇದು ಎಷ್ಟು ದೂರವೆಂದು ತಿಳಿಯಲು ನಿಮ್ಮ ಅಂಕಣದಲ್ಲೇ ಗೆರೆ ಹಾಕಿ ನೋಡಿ. ರಿಂಗ್‌ನ ನಡುಮಧ್ಯದಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ನೆಲ ಮುಟ್ಟಿದ ಕಡೆ ಗುರುತು ಮಾಡಿ, ಅಲ್ಲಿಂದ 8.23 ಮೀಟರ್ ಟೇಪ್ ಹಿಡಿದು ಸೀಮೆಸುಣ್ಣದಲ್ಲಿ ಕಮಾನು ಎಳೆಯಿರಿ. ಬೋರ್ಡ್‌ನಿಂದಲೋ ಕಂಬದಿಂದಲೋ ಅಳೆದರೆ ಗೆರೆ ತಪ್ಪುತ್ತದೆ. 15 ಮೀಟರ್ ಅಗಲದ ಅಂಕಣದಲ್ಲಿ ಈ ಕಮಾನು ಎಂಡ್‌ಲೈನ್‌ನಿಂದ ಸುಮಾರು 5 ಮೀಟರ್ ದೂರದಲ್ಲೇ ಸೈಡ್‌ಲೈನ್ ಮುಟ್ಟಿಬಿಡುತ್ತದೆ. ಅಂದರೆ ಮೂಲೆಯಿಂದ ನಾಲ್ಕು ಪಾಯಿಂಟ್ ಶಾಟ್ ಸಾಧ್ಯವೇ ಇಲ್ಲ. ಅದು ಎದುರಿನಿಂದ ಮತ್ತು ಓರೆಯಿಂದ ಮಾತ್ರ.

ನಾಲ್ಕರಲ್ಲಿ ಒಂದು ಬಿದ್ದರೂ ಈ ಶಾಟ್ ಮೂರು ಪಾಯಿಂಟ್‌ನ ಮೂರರಲ್ಲೊಂದಕ್ಕೆ, ಎರಡು ಪಾಯಿಂಟ್‌ನ ಎರಡರಲ್ಲೊಂದಕ್ಕೆ ಸಮ. ಲೆಕ್ಕ ಬರೆಯುವಾಗ ಎರಡು, ಮೂರು, ನಾಲ್ಕು ಮತ್ತು ಫ್ರೀ ಥ್ರೋಗಳನ್ನು ಕೂಡಿಸಿ ಒಟ್ಟು ಸ್ಕೋರ್‌ಗೆ ತಾಳೆ ನೋಡಿ. ಕಡಿಮೆ ಬಂದರೆ ನಾಲ್ಕನ್ನು ಎಲ್ಲೋ ಮೂರೆಂದು ಬರೆದಿದ್ದೀರಿ ಎಂದರ್ಥ.

ಟೇಬಲ್‌ನಲ್ಲಿ ಎಲ್ಲಿ ಗೆರೆ ಎಳೆಯಬೇಕು

ಇಡೀ ಸೀಸನ್‌ನ ಗುಟ್ಟು ಇರುವುದು ಇಲ್ಲಿ. ಕ್ವಾರ್ಟರ್‌ಫೈನಲ್‌ನಲ್ಲಿ ಮೇಲಿನ ಸ್ಥಾನದ ತಂಡಗಳಿಗೆ ‘ಟ್ವೈಸ್ ಟು ಬೀಟ್’ ಅನುಕೂಲ ಸಿಗುತ್ತದೆ: ಅವರು ಒಂದು ಪಂದ್ಯ ಗೆದ್ದರೆ ಸಾಕು, ಕೆಳಗಿನವರು ಎರಡನ್ನೂ ಗೆಲ್ಲಬೇಕು. ತಂಡಗಳು ಸರಿಸಮ ಎಂದಿಟ್ಟುಕೊಂಡರೆ ಕೆಳಗಿನವರಿಗೆ ಉಳಿಯುವ ಅವಕಾಶ 25 ಪ್ರತಿಶತ, ಮೇಲಿನವರಿಗೆ 75. ಕೆಳಗಿನ ತಂಡ ಪ್ರತಿ ಪಂದ್ಯದಲ್ಲೂ 60 ಪ್ರತಿಶತ ಮೇಲುಗೈ ಇರುವಷ್ಟು ಬಲಿಷ್ಠವಾದರೂ ಎರಡೂ ಗೆಲ್ಲುವ ಸಾಧ್ಯತೆ 36 ಮಾತ್ರ.

ಈಗ ಟೇಬಲ್ ನೋಡಿ. 49ನೇ ಸೀಸನ್‌ನ ಫಿಲಿಪ್ಪೀನ್ ಕಪ್‌ನಲ್ಲಿ ಮೊದಲ ನಾಲ್ಕು ಸ್ಥಾನಕ್ಕೆ ಈ ಅನುಕೂಲವಿತ್ತು. ನಾಲ್ಕರಿಂದ ಐದಕ್ಕೆ ಜಾರಿದರೆ 75 ಇದ್ದದ್ದು 25ಕ್ಕೆ ಕುಸಿತ. ಅದೇ ಸೀಸನ್‌ನ ಕಮಿಷನರ್ಸ್ ಕಪ್‌ನಲ್ಲಿ ಮೊದಲ ಎರಡು ಸ್ಥಾನಕ್ಕಷ್ಟೇ ಅನುಕೂಲ, ಮೂರರಿಂದ ಆರರವರೆಗೆ ಮೂರು ಪಂದ್ಯಗಳ ಸರಣಿ. ಗವರ್ನರ್ಸ್ ಕಪ್‌ನಲ್ಲಿ ಆರಾರು ತಂಡಗಳ ಎರಡು ಗುಂಪು ಮಾಡಿ, ಐದು ಪಂದ್ಯಗಳ ಸರಣಿ ಇಟ್ಟಿದ್ದರು. ಅಲ್ಲಿ ಟ್ವೈಸ್ ಟು ಬೀಟ್ ಇರಲಿಲ್ಲ. ಆದ್ದರಿಂದ ಕಾನ್ಫರೆನ್ಸ್ ಶುರುವಾಗುವ ದಿನವೇ ಮಾದರಿ ಓದಿ, ಸರಿಯಾದ ಸ್ಥಾನದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಹಿಂದಿನ ಕಪ್‌ನ ಗೆರೆಯನ್ನೇ ನಂಬಿ ಕೂತರೆ ಕೊನೆಯ ವಾರದ ಪಂದ್ಯಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದೇ ಗೊತ್ತಾಗುವುದಿಲ್ಲ.

ಇಂಪೋರ್ಟ್‌ನ ಪಾಲು

ಟಿಎನ್‌ಟಿ ಎರಡು ಕಪ್ ಗೆದ್ದದ್ದು ರೊಂಡೇ ಹಾಲಿಸ್-ಜೆಫರ್ಸನ್ ಜೊತೆಗೆ. ಫಿಲಿಪ್ಪೀನ್ ಕಪ್ ಬಂದಾಗ ಅವನಿಲ್ಲ. ಎದುರಿಗೆ ಜೂನ್ ಮಾರ್ ಫಹಾರ್ದೋನಂಥ ಸ್ಥಳೀಯ ದೈತ್ಯ ಸೆಂಟರ್ ಇರುವ ಸ್ಯಾನ್ ಮಿಗೆಲ್. ಇಂಪೋರ್ಟ್ ಇದ್ದಾಗ ಫಹಾರ್ದೋನನ್ನು ಅಡ್ಡಗಟ್ಟಲು ಒಬ್ಬ ಸಿಗುತ್ತಾನೆ, ಇಲ್ಲದಾಗ ಡಿಫೆನ್ಸ್‌ನ ಲೆಕ್ಕವೇ ಬೇರೆ. ಇದನ್ನು ಮುಂಚೆಯೇ ಊಹಿಸಬೇಕಾದರೆ ಪ್ರತಿ ಪಂದ್ಯದಲ್ಲಿ ಇಂಪೋರ್ಟ್‌ನ ಪಾಯಿಂಟನ್ನು ತಂಡದ ಒಟ್ಟು ಪಾಯಿಂಟ್‌ನಿಂದ ಭಾಗಿಸಿ ಪಾಲು ಬರೆಯುತ್ತಾ ಹೋಗಿ. ಜೊತೆಗೆ ಅವನು ಬೆಂಚ್‌ನಲ್ಲಿ ಕೂತ ನಿಮಿಷಗಳಲ್ಲಿ ಸ್ಕೋರ್ ಎಷ್ಟು ಮೇಲೆ ಕೆಳಗೆ ಆಯಿತು ಎಂದು ಬೇರೆ ಕಾಲಂನಲ್ಲಿ ಗುರುತಿಸಿ. ಪಾಯಿಂಟ್ ಪಾಲಿಗಿಂತ ಈ ಎರಡನೆಯದೇ ಹೆಚ್ಚು ನಿಜ ಹೇಳುತ್ತದೆ, ಏಕೆಂದರೆ ರೀಬೌಂಡ್ ಮತ್ತು ಡಿಫೆನ್ಸ್ ಅದರಲ್ಲಿ ತಾನಾಗಿ ಸೇರಿರುತ್ತವೆ.

ಕಾನ್ಫರೆನ್ಸ್ ನಡುವೆಯೇ ಇಂಪೋರ್ಟನ್ನು ಬದಲಿಸಬಹುದು. ಬದಲಾದ ದಿನ ಪುಟದ ಅಡ್ಡಕ್ಕೆ ದಪ್ಪ ಗೆರೆ ಎಳೆದು ಸರಾಸರಿಯನ್ನು ಹೊಸದಾಗಿ ಶುರುಮಾಡಿ. ಇಬ್ಬರ ಅಂಕಿಗಳನ್ನು ಕಲಸಿದರೆ ಇಬ್ಬರ ಆಟವೂ ಕಾಣುವುದಿಲ್ಲ. ಹೊಸಬನ ಮೊದಲ ಎರಡು ಪಂದ್ಯದ ಅಂಕಿಗೆ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ, ಮೂರನೆಯದರಿಂದ ಸರಾಸರಿಗೆ ಸೇರಿಸಿ.